ರಕ್ತಮಾನ್ಯದ ಹೊಲ, ನಂದಗಡದ ಆಲ

ಕಿತ್ತೂರು ಸಂಸ್ಥಾನಕ್ಕಾಗಿ ಕತ್ತಿ ಹಿಡಿದವರಲ್ಲಿ ಶೇತಸನದಿಗಳದು ಮುಖ್ಯ ವರ್ಗ. ಶೇತ ಎಂದರೆ ಹೊಲ, ಸನದು ಎಂದರೆ ಸರಕಾರದ ಮೊಹರು ಬಿದ್ದ ಪತ್ರ. ಊರ ಕಾವಲು, ಕಂದಾಯದ ಹಣಕ್ಕೆ ಬೆಂಗಾವಲು, ಕರೆ ಬಂದಾಗ ಯುದ್ಧ ಇವು ಶೇತಸನದಿಯ ಚಾಕರಿ. ಅದಕ್ಕೆ ಪ್ರತಿಯಾಗಿ ಅವನ ಮನೆತನ ಉಂಡುಕೊಂಡು ಹೋಗಲು ಒಂದಿಷ್ಟು ಹೊಲ. ತಿಂಗಳ ಪಗಾರ ಇರಲಿಲ್ಲ. ಅಪ್ಪನ ಚಾಕರಿ ಮಗನಿಗೆ ಬರುತ್ತಿತ್ತು, ಹೊಲವೂ ಅದರ ಜೊತೆಗೇ ಬರುತ್ತಿತ್ತು. ಸಂಗೊಳ್ಳಿ ರಾಯಣ್ಣ ಇಂಥದೊಂದು ಮನೆತನದವನು. ಹಿರಿಯರು ಸಂಸ್ಥಾನಕ್ಕಾಗಿ ನೆತ್ತರು ಹರಿಸಿದ್ದಕ್ಕೆ ಕೊಟ್ಟ ‘ರಕ್ತಮಾನ್ಯ’ದ ಹೊಲ ಆ ಮನೆತನಕ್ಕಿತ್ತು ಎಂಬ ಮಾತು ಇಂದಿಗೂ ಆ ಭಾಗದಲ್ಲಿದೆ. ಹೀಗಾಗಿ ಕಿತ್ತೂರಿನ ಸೈನಿಕನೊಬ್ಬನ ಸೇವಾ ದಾಖಲೆ ಹುಡುಕಹೊರಟವರು ದಂಡಿನ ಹಾಜರಿಪಟ್ಟಿಗಿಂತ ಮೊದಲು ಹೊಲದ ಕಾಗದ ಬಿಚ್ಚಬೇಕಾಗುತ್ತದೆ.

ಸೋತ ಪಕ್ಷದ ಸಿಪಾಯಿಯ ದಾಖಲೆ ಎಲ್ಲೆಡೆಯೂ ಹೀಗೆ ಚೆದುರಿಹೋಗಿರುವುದಿಲ್ಲ. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳು ಸೋತವು. ಅವುಗಳ ಸೈನ್ಯದ ಹಾಜರಿಪಟ್ಟಿ, ಆಸ್ಪತ್ರೆಯ ಪುಸ್ತಕ, ಸೆರೆಯಾಳುಗಳ ಯಾದಿಗಳು ಗೆದ್ದ ಸರಕಾರದ ಕೈಸೇರಿದವು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಯುದ್ಧ ಇಲಾಖೆ ಅವನ್ನೆಲ್ಲ ಜಾಲಾಡಿಸಿ, ಒಬ್ಬೊಬ್ಬ ಸಿಪಾಯಿಯ ಹೆಸರಿನಲ್ಲೂ ಚೀಟಿ ಬರೆಸಿ ಲಕೋಟೆಯಲ್ಲಿ ಇಡಿಸಿತು. ಗುರುತಿಲ್ಲದ ಗೋರಿಗೆ ಇಂದು ಆ ಲಕೋಟೆಯ ಆಧಾರದ ಮೇಲೆ ಸರಕಾರದಿಂದಲೇ ಹೆಸರಿನ ಕಲ್ಲು ಪಡೆಯಲು ಬರುತ್ತದೆ. ಕಿತ್ತೂರಿನ ಸೈನಿಕನಿಗೆ ಅಂಥ ಲಕೋಟೆ ಯಾರೂ ಕಟ್ಟಿಡಲಿಲ್ಲ. ಅವನ ಲಕೋಟೆಯನ್ನು ಐದಾರು ಕಡೆಯ ಕಾಗದ ಕೂಡಿಸಿ ಹುಡುಕುವವರೇ ಕಟ್ಟಬೇಕು.

ಯುದ್ಧದ ಹಿನ್ನೆಲೆ ಹುಬ್ಬಳ್ಳಿ-ಧಾರವಾಡದ ಮಂದಿಗೆ ಗೊತ್ತಿರುವಂಥದೇ. ಕಿತ್ತೂರು ಧಾರವಾಡದಿಂದ ಸುಮಾರು 30 ಕಿಲೋಮೀಟರು, ಬೆಳಗಾವಿಯ ಹೆದ್ದಾರಿಯ ಮೇಲೆ. ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕ ಬಂದ ಹುಡುಗನನ್ನು ಒಪ್ಪಲು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ಸಿದ್ಧನಿರಲಿಲ್ಲ. ಖಜಾನೆಗೆ ಕಾವಲು ಹಾಕಿಸಿ, ತೋಪು ತರಿಸಿ, ಅಕ್ಟೋಬರ್ 23ರಂದು ಕೋಟೆಯ ಬಾಗಿಲಿಗೆ ಬಂದ. ಬಾಗಿಲು ತೆರೆದು ಹೊರನುಗ್ಗಿದ ಕಿತ್ತೂರಿನವರ ಏಟಿಗೆ ಅವನೂ, ಮದರಾಸಿನ ಕುದುರೆ ತೋಪುಖಾನೆಯ ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸಿವೆಲ್, ಲೆಫ್ಟಿನೆಂಟ್ ಡೈಟನ್ ಎಂಬ ಅಧಿಕಾರಿಗಳೂ ಸತ್ತರು. ಥ್ಯಾಕರೆಗೆ ಗುಂಡು ಹೊಡೆದವನು ಅಮಟೂರ ಬಾಳಪ್ಪ ಎಂದು ಪರಂಪರೆ ಹೇಳುತ್ತದೆ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಸೆರೆಯಾದರು. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದು ಕೋಟೆ ಬಿತ್ತು. ಆ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರನಾಗಿದ್ದ ಮನ್ರೋ ಸತ್ತ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋಗೆ ಅವನು ಸಂಬಂಧಿ. ಕಿತ್ತೂರಿನ ಹೋರಾಟ ನಡೆಸಿದ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ಕಣ್ಣುಮುಚ್ಚಿದಳು. ಶೇತಸನದಿಗಳ ಹೊಲವನ್ನು ಈಸ್ಟ್ ಇಂಡಿಯಾ ಕಂಪನಿ ಕಿತ್ತುಕೊಳ್ಳತೊಡಗಿತ್ತು, ಉಳಿದದ್ದಕ್ಕೆ ಕಂದಾಯ ಏರಿಸಿತ್ತು. ರಾಯಣ್ಣ ಬಂಡೆದ್ದ. 1830ರಲ್ಲಿ ಸಿಕ್ಕಿಬಿದ್ದ. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಎರಡು ಕಡೆಯ ಕಾಗದ

ಕಂಪನಿಯ ಕಡೆ ಸತ್ತ ಇಂಗ್ಲಿಷ್ ಅಧಿಕಾರಿಯ ದಾಖಲೆ ಹುಡುಕುವುದು ತೀರ ಕಷ್ಟದ ಕೆಲಸವಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ದಫ್ತರದಲ್ಲಿ ಬಂಗಾಳ, ಮದರಾಸು, ಮುಂಬಯಿ ಇಲಾಖೆಗಳ ದೀಕ್ಷಾಸ್ನಾನ, ಮದುವೆ, ಮಣ್ಣುಮಾಡಿದ ಲೆಕ್ಕಗಳು ಬೇರೆಬೇರೆ ಸಾಲಾಗಿ ಇವೆ. ನೌಕರಿಗೆ ಸೇರುವಾಗಿನ ಅರ್ಜಿ, ಬಡ್ತಿ, ಮರಣಪತ್ರ, ಸತ್ತ ಮೇಲೆ ಹರಾಜಾದ ಸಾಮಾನಿನ ಯಾದಿಯ ತನಕ ಸಿಗುವುದುಂಟು. ಧಾರವಾಡದ ಪ್ರಾಂತ ಮುಂಬಯಿಗೆ ಹೊಂದಿಕೊಂಡಿದ್ದರೂ ಥ್ಯಾಕರೆ ಮದರಾಸಿನ ಸೇವೆಯವನು. ಅವನ ಕಾಗದವನ್ನು ಮುಂಬಯಿಯ ಸಾಲಿನಲ್ಲಷ್ಟೇ ಹುಡುಕಿದರೆ ಸಿಗಲಿಕ್ಕಿಲ್ಲ. ಅವನ ಅಣ್ಣ ರಿಚ್ಮಂಡನ ಮಗನೇ ಮುಂದೆ ಪ್ರಸಿದ್ಧ ಕಾದಂಬರಿಕಾರನಾದ ವಿಲಿಯಂ ಥ್ಯಾಕರೆ. ಹೀಗಾಗಿ ಆ ಮನೆತನದ ಚರಿತ್ರೆಯೂ ಒಂದಕ್ಕಿಂತ ಹೆಚ್ಚು ಪುಸ್ತಕಗಳಲ್ಲಿ ಸೇರಿಕೊಂಡಿದೆ.

ಅದೇ ಕಂಪನಿಯ ದಂಡಿನಲ್ಲಿ ಸತ್ತ ದೇಶಿ ಸಿಪಾಯಿಯ ಗತಿ ಬೇರೆ. ಇಗರ್ಜಿಯ ಪುಸ್ತಕ ಕ್ರೈಸ್ತರದು; ಅದರಲ್ಲಿ ಅವನ ಹೆಸರು ಬರುವುದಿಲ್ಲ. ಪಲ್ಟಣಿಯ ಹಾಜರಿಪಟ್ಟಿಯಲ್ಲಿ, ಅದೂ ಉಳಿದು ಬಂದಿದ್ದರೆ, ಒಂದು ಸಾಲು. ನೂರು ವರ್ಷ ಕಳೆದ ಮೇಲೂ ಈ ರೀತಿ ಪೂರ್ತಿ ಬದಲಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕ ಎದ್ದಾಗ ಬ್ರಿಟಿಷ್ ಸಿಪಾಯಿಗಳ ಹೆಸರನ್ನೆಲ್ಲ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳನ್ನು ಪಲ್ಟಣಿವಾರು ಸಂಖ್ಯೆಯಲ್ಲಿ ತೋರಿಸಿ ಬಿಟ್ಟರು. ಇದು ಅನ್ಯಾಯ, ಬೇರೆ ಮಾತಿಲ್ಲ. ಆ ಹೆಸರುಗಳನ್ನು ಈಗ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಯಾದಿಯಲ್ಲಿ, ಎಷ್ಟೋ ಸಲ ತಂದೆಯ ಹೆಸರು ಮತ್ತು ಊರಿನ ಸಮೇತ, ನೋಡಲು ಬರುತ್ತದೆ. ಬೆಳಗಾವಿ, ಧಾರವಾಡ ಸೀಮೆಯಿಂದ ಮರಾಠಾ ಪಲ್ಟಣಿಗಳಿಗೆ ಸೇರಿ ಮರಳಿ ಬಾರದವರ ಮನೆಯವರಿಗೆ ಹುಡುಕಾಟದ ಮೊದಲ ಮೆಟ್ಟಿಲು ಅದೇ.

ಕಿತ್ತೂರಿನವರ ಕಡೆಗೆ ಬಂದರೆ ದಾರಿ ಸುತ್ತು. ಹಳೆಯದರಿಂದ ಶುರು ಮಾಡಿದವರು ಅರ್ಧದಲ್ಲೇ ಕೈಬಿಡುತ್ತಾರೆ. ಇಂದಿನಿಂದ ಹಿಂದಕ್ಕೆ ನಡೆದರೆ ದಾರಿ ಸಿಗುತ್ತದೆ. ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂದದ್ದು 1961ರಲ್ಲಿ. ಶೇತಸನದಿ, ವಾಲೀಕಾರ ಮೊದಲಾದ ವಂಶಪಾರಂಪರ್ಯ ಚಾಕರಿಗಳು ಅದರಿಂದ ಹೋದವು, ಚಾಕರಿಯ ಹೊಲಗಳು ಸರಕಾರಕ್ಕೆ ಸೇರಿ ಮರಳಿ ಆಯಾ ಮನೆತನಕ್ಕೆ ಮಂಜೂರಾಗಬೇಕಾಯಿತು. ಆ ಮರುಮಂಜೂರಾತಿಗೆ ವಂಶಾವಳಿ ಬರೆದು ಕೊಡಬೇಕಿತ್ತು. ಯಾರ ಮಗ ಯಾರು, ಹೊಲ ಯಾವ ಚಾಕರಿಯದು, ಎಂದಿನಿಂದ ಬಂದದ್ದು ಎಂಬುದನ್ನೆಲ್ಲ ತಾಲ್ಲೂಕು ಕಚೇರಿಯ ಆ ಕಡತಗಳು ಹೇಳುತ್ತವೆ. ಪಹಣಿಯಲ್ಲಿಯ ಸರ್ವೆ ನಂಬರು ಹಿಡಿದು ಹಿಂದಕ್ಕೆ ಹೋದರೆ ಹೊಲದ ಅಳತೆ, ಕಂದಾಯದ ಲೆಕ್ಕವಾದ ಆಕಾರಬಂದ್ ಸಿಗುತ್ತದೆ. ಅದರ ಬೇರು 1840ರ ದಶಕದಲ್ಲಿ ಈ ಸೀಮೆಯಲ್ಲಿ ಶುರುವಾದ ಮುಂಬಯಿ ಪದ್ಧತಿಯ ಭೂಮಾಪನದಲ್ಲಿದೆ.

ಅದರ ಹಿಂದಿನ ಮೆಟ್ಟಿಲು ಇನಾಂ ಕಮಿಶನ್. ಮಾನ್ಯದ ಹೊಲಗಳೆಲ್ಲ ಯಾವ ಆಧಾರದ ಮೇಲೆ ನಡೆಯುತ್ತಿವೆ ಎಂದು ಕೇಳುವ ಈ ವಿಚಾರಣೆ ದಕ್ಷಿಣ ಮರಾಠಾ ಸೀಮೆಯಲ್ಲಿ 1843ರಿಂದ ನಡೆಯಿತು. 1852ರ 11ನೆಯ ಕಾಯಿದೆ ಅದಕ್ಕೆ ಹಲ್ಲು ಕೊಟ್ಟಿತು. ಹೊಲ ಕಳೆದುಕೊಳ್ಳುವ ಭಯದಿಂದ ಜನ ಪೆಟ್ಟಿಗೆಯ ತಳದ ಸನದುಗಳನ್ನು ತಂದು ಹಾಜರುಪಡಿಸಿದರು, ಅಜ್ಜನ ಕಾಲದ ಮಾತನ್ನು ಹೇಳಿಕೆಯಾಗಿ ಬರೆಸಿದರು. ಕಮಿಶನ್ನು ಜನರಿಂದ ಕಿತ್ತುಕೊಂಡದ್ದು ಬಹಳ. ನರಗುಂದದ ಬಾಬಾಸಾಹೇಬ 1858ರಲ್ಲಿ ಬಂಡೇಳುವ ಹೊತ್ತಿಗೆ ಈ ಸೀಮೆಯ ಇನಾಂದಾರರ ಹೊಟ್ಟೆಯಲ್ಲಿದ್ದ ಬೆಂಕಿಗೆ ಇದೂ ಒಂದು ಕಾರಣ. ಆದರೆ ಆ ಹೇಳಿಕೆಗಳಲ್ಲೇ ಎಷ್ಟೋ ಸಾಮಾನ್ಯ ಚಾಕರಿಯವರ ಮೂರು ತಲೆಮಾರಿನ ಹೆಸರು ಉಳಿದುಕೊಂಡಿದೆ. ಪುಣೆಯ ಪೇಶ್ವೆ ದಫ್ತರ, ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ ಈ ಮೂರೂ ಕಡೆ ಕಿತ್ತೂರು ಸೀಮೆಯ ಕಾಗದ ಹುಡುಕಬೇಕಾಗುತ್ತದೆ. ಒಂದೇ ಊರಿನ ಚರಿತ್ರೆ ಕರ್ನಾಟಕವೂ ಸೇರಿ ಮೂರು ರಾಜ್ಯಗಳಿಗೆ ಹಂಚಿಹೋದದ್ದು ಕನ್ನಡದ ಈ ಭಾಗದ ಪಾಡು.

ಈ ಸಾಲಿನಲ್ಲಿ ತೂತುಗಳೂ ಇವೆ. ರಾಯಣ್ಣನ ಕಡೆಯವರು ಸರಕಾರಿ ಕಚೇರಿಗಳಿಗೆ ಬೆಂಕಿ ಇಟ್ಟರು, ಕಂದಾಯದ ಕಾಗದಗಳನ್ನು ಸುಟ್ಟರು. ಹೊಲ ಕಿತ್ತುಕೊಂಡ ಲೆಕ್ಕ ಇದ್ದದ್ದು ಆ ಕಾಗದದಲ್ಲಿ, ಅವರ ಸಿಟ್ಟೂ ಅದರ ಮೇಲೆಯೇ. ಹಾಗಾಗಿ 1830ರ ಹಿಂದಿನ ಒಂದು ಊರಿನ ಲೆಕ್ಕ ಸಿಗದಿದ್ದರೆ ಅಲ್ಲಿ ಚಾಕರಿಯವರೇ ಇರಲಿಲ್ಲ ಎಂದು ತೀರ್ಮಾನಿಸುವಂತಿಲ್ಲ.

ಬಂಡಾಯಗಾರನ ವಿಷಯದಲ್ಲಿ ಇನ್ನೊಂದು ಆಧಾರವಿದೆ. ಅವನ ಪರವಾಗಿ ಯಾರೂ ಹಾಜರಿ ಬರೆಯದಿದ್ದರೂ ಅವನ ವಿರುದ್ಧ ಬರೆದವರು ಬಹಳ. ಹಿಡಿದವರ ಹೆಸರು, ಊರು, ಜಾತಿ, ವಯಸ್ಸು, ಯಾವ ಕಾಳಗದಲ್ಲಿ ಕಂಡ, ಯಾವ ಆಯುಧ ಹಿಡಿದಿದ್ದ ಎಂಬಂಥ ವಿವರಗಳಿಗೆ ವಿಚಾರಣೆಯ ಕಾಗದದಲ್ಲಿ ಜಾಗವಿರುತ್ತದೆ. ಗಲ್ಲು, ಜೈಲು, ಕಡಲಾಚೆಗೆ ಸಾಗಾಟ ಎಂದು ಶಿಕ್ಷೆ ಬರೆದ ಪಟ್ಟಿಯೇ ಸೋತವರ ಹಾಜರಿಪಟ್ಟಿ. ಓದುವಾಗ ಮಾತ್ರ ಎಚ್ಚರ ಬೇಕು. ಬರೆದವನು ಶತ್ರು, ಅವನ ಕಣ್ಣಿಗೆ ಹೊಲ ಕಳೆದುಕೊಂಡ ಶೇತಸನದಿಯೂ ದರೋಡೆಕೋರ. ಮದರಾಸಿನ ಸಿವಿಲ್ ಸೇವೆಯ ಸ್ಟೋಕ್ಸ್ 1870ರಲ್ಲಿ ಬರೆದ ಬೆಳಗಾವಿ ಜಿಲ್ಲೆಯ ಚರಿತ್ರೆ, 1884ರಲ್ಲಿ ಅಚ್ಚಾದ ಬೆಳಗಾವಿ ಮತ್ತು ಧಾರವಾಡ ಗ್ಯಾಝೆಟಿಯರುಗಳು ಇದೇ ಕಣ್ಣಿನಿಂದ ಬರೆದವು. ಘಟನೆಯ ದಿನಾಂಕಕ್ಕೆ ಅವು ಬೇಕು. ಮನುಷ್ಯನ ಗುಣಕ್ಕೆ ಅವನ್ನು ಸಾಕ್ಷಿ ಮಾಡಬಾರದು.

ಲಾವಣಿಯ ಸಾಕ್ಷಿ, ಕಲ್ಲಿನ ಸಾಕ್ಷಿ

ಗುಣದ ಸಾಕ್ಷಿ ಲಾವಣಿಯಲ್ಲಿದೆ. ಶಾಸನತಜ್ಞ ಜಾನ್ ಫೇತ್‌ಫುಲ್ ಫ್ಲೀಟ್ 1880ರ ದಶಕದಲ್ಲಿ ಈ ಭಾಗದ ಕನ್ನಡ ಲಾವಣಿಗಳನ್ನು ಕಲೆಹಾಕಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಬಂಡಾಯ, ಹಲಗಲಿ ಬೇಡರ ದಂಗೆ ಅವುಗಳಲ್ಲಿ ಸೇರಿದ್ದವು. ಸರಕಾರದ ನೌಕರನೊಬ್ಬ ಸರಕಾರದ ವಿರುದ್ಧ ಎದ್ದವರ ಹಾಡನ್ನು ಬರೆದುಕೊಂಡದ್ದರಿಂದ, ಗಲ್ಲಿನ ಐವತ್ತು ಚಿಲ್ಲರೆ ವರ್ಷಗಳ ಬಳಿಕ ಜನ ರಾಯಣ್ಣನನ್ನು ಹೇಗೆ ನೆನೆಯುತ್ತಿದ್ದರು ಎಂಬುದಕ್ಕೆ ಅಚ್ಚಿನ ಪುರಾವೆ ಸಿಕ್ಕಿತು. ಸಂಗಡಿಗರ ಹೆಸರು, ದಾಟಿದ ಹಳ್ಳ, ಅಡಗಿದ ಕಾಡು, ಹಿಡಿದುಕೊಟ್ಟವರ ಹೆಸರು ಹಾಡುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಹಾಡಿನಲ್ಲಿ ಬರುವ ಊರ ಹೆಸರನ್ನು ಸರ್ವೆಯ ನಕಾಶೆಯ ಮೇಲೆ, ಆಳಿನ ಹೆಸರನ್ನು ವಿಚಾರಣೆಯ ಪಟ್ಟಿಯಲ್ಲಿ ಹುಡುಕಬೇಕು. ಎರಡು ಕಡೆ ಕಂಡ ಹೆಸರು ಗಟ್ಟಿ. ಒಂದೇ ಕಡೆ ಕಂಡದ್ದನ್ನು ಹಾಡಿನದೆಂದೇ ಬರೆದಿಡಬೇಕು. ರಾಯಣ್ಣನ ಹುಟ್ಟಿದ ವರ್ಷವನ್ನು ಕೆಲವರು 1796 ಎನ್ನುತ್ತಾರೆ, ಕೆಲವರು 1798 ಎನ್ನುತ್ತಾರೆ. ಎರಡನ್ನೂ ಬರೆದು ಎದುರಿಗೆ ಆಧಾರ ನಮೂದಿಸುವುದೇ ಸರಿಯಾದ ಕ್ರಮ.

ಸೇವಾ ದಾಖಲೆಯನ್ನು ಕಾಗದದ ಮೇಲೆ ಬರೆಯುವುದಕ್ಕೂ ಮೊದಲು ಈ ನಾಡಿನವರು ಕಲ್ಲಿನ ಮೇಲೆ ಬರೆದರು. ವೀರಗಲ್ಲಿನ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಎದುರು ಅವನು ಕೈಮುಗಿದು ಕುಳಿತದ್ದು. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ಯಾವ ಅರಸನ ಕಾಲ, ಯಾವ ಸಂವತ್ಸರ, ಯಾವ ಊರು, ದನ ಹಿಡಿದೊಯ್ಯುವವರನ್ನು ತಡೆದು ಸತ್ತನೋ ಕೋಟೆಯ ಮುತ್ತಿಗೆಯಲ್ಲಿ ಸತ್ತನೋ ಎಂಬುದೆಲ್ಲ ನಾಲ್ಕು ಸಾಲಿನಲ್ಲಿ. ಸತ್ತವನ ಮನೆಯವರಿಗೆ ಹೊಲ ಕೊಟ್ಟಿದ್ದರೆ ಅದೂ ಇರುತ್ತದೆ. ಆ ಕೊಡುಗೆಗೆ ಶಾಸನದ ಮಾತು ‘ನೆತ್ತರುಗೊಡಗೆ’. ಅದನ್ನೇ ಸಂಸ್ಥಾನದ ಕಾಲದವರು ‘ರಕ್ತಮಾನ್ಯ’ ಎಂದರು. ಹೆಸರು ಬದಲಾದರೂ ಸಿಪಾಯಿಯ ಸಾವಿಗೆ ಹೊಲವೇ ಬೆಲೆ ಎಂಬ ಲೆಕ್ಕ ಸಾವಿರ ವರ್ಷ ನಡೆದುಬಂತು. ಕಂಪನಿ ಕೈಹಾಕಿದ್ದು ಆ ಲೆಕ್ಕಕ್ಕೆ. ಒಬ್ಬ ಶೇತಸನದಿಗೆ ಹೊಲ ಹೋಗುವುದೆಂದರೆ ಆದಾಯ ಹೋದಂತೆ ಮಾತ್ರವಲ್ಲ, ಅಜ್ಜನ ಸಾವಿನ ದಾಖಲೆಯನ್ನೇ ಅಳಿಸಿದಂತೆ. ರಾಯಣ್ಣನ ಬೆನ್ನಿಗೆ ಅಷ್ಟು ಜನ ಏಕೆ ನಿಂತರು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕಿತ್ತೂರಿನಲ್ಲಿ ಸೆರೆಸಿಕ್ಕ ಎಲಿಯಟ್‌ನ ಮುಂದಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಥ್ಯಾಕರೆಯ ಸಹಾಯಕನಾಗಿದ್ದ ಈ ವಾಲ್ಟರ್ ಎಲಿಯಟ್‌ನನ್ನು ಕಿತ್ತೂರಿನವರು ಕೊಲ್ಲಲಿಲ್ಲ. ಕೆಲ ವಾರ ಇಟ್ಟುಕೊಂಡು ಡಿಸೆಂಬರಿನಲ್ಲಿ ಜೀವಂತ ಕಳಿಸಿಕೊಟ್ಟರು. ಅವನು ಮತ್ತೆ ಧಾರವಾಡದಲ್ಲೇ 1833ರವರೆಗೆ ಕೆಲಸ ಮಾಡಿದ, ಊರೂರು ತಿರುಗಿ ಹಳಗನ್ನಡ ಶಾಸನಗಳ ನಕಲು ಮಾಡಿಸಿದ. ‘ಕರ್ನಾಟಕ ದೇಶ ಶಾಸನಗಳು’ ಎಂಬ ಅವನ ಸಂಗ್ರಹದಲ್ಲಿ 595 ಶಾಸನಗಳಿವೆ. ಚಾಲುಕ್ಯರ ವಂಶಾವಳಿಯನ್ನು ಮೊದಲ ಸಲ ಶಾಸನಗಳ ಆಧಾರದ ಮೇಲೆ ಜೋಡಿಸಿದವರಲ್ಲಿ ಅವನೂ ಒಬ್ಬ. ಕಿತ್ತೂರಿನ ಕೋಟೆಯಲ್ಲಿ ಆ ಜೀವ ಉಳಿದದ್ದು ಕನ್ನಡ ಚರಿತ್ರೆಗೆ ಆದ ಲಾಭ.

ಗೋರಿಯ ಕಾಳಜಿ

ರಾಯಣ್ಣನ ಸಮಾಧಿ ನಂದಗಡದಲ್ಲಿದೆ, ಅದರ ಮೇಲೆ ಆಲದ ಮರ. ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ಗುರುತಿಗೆಂದು ನೆಟ್ಟ ಸಸಿಯೇ ಇಷ್ಟು ಬೆಳೆದಿದೆ ಎಂದು ಜನ ಹೇಳುತ್ತಾರೆ. ಕಲ್ಲಿನ ಮೇಲೆ ಹೆಸರು ಬರೆಸುವುದು ಸಾಧ್ಯವಿಲ್ಲದ ಕಾಲದಲ್ಲಿ ಗೋರಿಯ ಗುರುತಿಗೆ ಆಲ ನೆಡುವುದು ಜಾಣತನ. ಕಲ್ಲನ್ನು ಕೀಳಿಸಬಹುದು, ದೇವರ ಮರಕ್ಕೆ ಕೊಡಲಿ ಹಾಕುವವರು ಕಡಿಮೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಆ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಸಂಗೊಳ್ಳಿಯ ಗುಡಿಯಲ್ಲಿ ಅವನ ಮೂರ್ತಿಯ ಎರಡೂ ಬದಿಗೆ ಗರಡಿ ಸಾಧನೆಯ ಮರದ ಭಾರಗಳಿವೆ. ಒಂದು ಅವನೇ ಎತ್ತುತ್ತಿದ್ದದ್ದು ಎಂಬುದು ಊರವರ ನಂಬಿಕೆ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ಇದೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುವಾಗ ಬೈಲಹೊಂಗಲದಿಂದ ಕಿತ್ತೂರಿನತನಕ ಜನವೋ ಜನ.

ಥ್ಯಾಕರೆಯ ಸ್ಮಾರಕವಾದ ಕಲ್ಲಿನ ಚೂಪುಗಂಬ ಧಾರವಾಡದಲ್ಲಿದೆ. ಅದಕ್ಕೆ ಉತ್ಸವವಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅದನ್ನು ಹಾಳುಗೆಡವಲು ಬಿಡುವುದು ತಪ್ಪು. 1824ರ ಅಕ್ಟೋಬರಿನ ಗೆಲುವಿಗೆ ಈ ಸೀಮೆಯಲ್ಲಿ ಉಳಿದಿರುವ ಕಲ್ಲಿನ ಸಾಕ್ಷಿಗಳಲ್ಲಿ ಅದೂ ಒಂದು, ಅದೂ ಸೋತವರೇ ತಮ್ಮ ಕೈಯಾರೆ ನಿಲ್ಲಿಸಿದ್ದು. ಕಿತ್ತೂರಿನ ಮಕ್ಕಳಿಗೆ ತೋರಿಸಬೇಕಾದ ಕಲ್ಲು ಅದು.

ಹಳೆಯ ಗೋರಿ, ವೀರಗಲ್ಲು, ಸ್ಮಾರಕಗಳನ್ನು ನೋಡಿಕೊಳ್ಳುವವರು ಪ್ರೀತಿಯಿಂದಲೇ ಅವನ್ನು ಕೆಡಿಸುವುದು ಹೆಚ್ಚು. ವೀರಗಲ್ಲಿಗೆ ಪ್ರತಿವರ್ಷ ಎಣ್ಣೆಬಣ್ಣ ಬಳಿದರೆ ಹತ್ತಾರು ಪದರದ ಕೆಳಗೆ ಅಕ್ಷರ ಮುಚ್ಚಿಹೋಗುತ್ತದೆ. ತಂತಿಯ ಬ್ರಷ್ಷು, ಆಮ್ಲ, ಬಟ್ಟೆ ತೊಳೆಯುವ ಪುಡಿ ಕಲ್ಲಿನ ಮೈಯನ್ನೇ ಸುಲಿಯುತ್ತವೆ. ಬರಿ ನೀರು, ಮೆತ್ತಗಿನ ನಾರಿನ ಬ್ರಷ್ಷು ಸಾಕು. ಪಾಚಿ ಗಟ್ಟಿಯಾಗಿದ್ದರೆ ನೆನೆಸಿ, ಕಾಯ್ದು, ಮರದ ಚೂರಿನಿಂದ ಎಬ್ಬಿಸಬೇಕು. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದೂ ಬೇಡ. ಸಂಜೆಯ ಇಳಿಬಿಸಿಲಿನಲ್ಲಿ, ಇಲ್ಲವೆ ರಾತ್ರಿ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಫೋಟೊ ತೆಗೆದರೆ ಹಗಲಿನಲ್ಲಿ ಕಾಣದ ಅಕ್ಷರದ ಗೆರೆಗೆ ನೆರಳು ಬಿದ್ದು ಎದ್ದು ಬರುತ್ತದೆ.

ಗಾರೆಯ ಗೋರಿಗೆ ಸಿಮೆಂಟು ಮೆತ್ತುವುದು ಎಲ್ಲಕ್ಕಿಂತ ದೊಡ್ಡ ಹಾನಿ. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಹಿಡಿದಿಡುತ್ತದೆ. ನಾಲ್ಕು ಮಳೆಗಾಲದಲ್ಲಿ ಒಳಗಿನ ಇಟ್ಟಿಗೆ ಹಿಟ್ಟಾಗುತ್ತದೆ. ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಬಿರುಕಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಯನ್ನು ಎಳೆಯಲ್ಲೇ ತೆಗೆಯಬೇಕು. ಬಲಿತ ಬೇರನ್ನು ಜಗ್ಗಿದರೆ ಕಲ್ಲೂ ಕಿತ್ತುಬರುತ್ತದೆ, ಕತ್ತರಿಸಿ ಅಲ್ಲೇ ಒಣಗಲು ಬಿಡುವುದು ಮೇಲು. ನಂದಗಡದ ಆಲಕ್ಕೆ ಈ ಮಾತು ಸಲ್ಲದು. ಅಲ್ಲಿ ಮರವೇ ಸ್ಮಾರಕ, ಅದರ ಬುಡಕ್ಕೆ ಕಾಂಕ್ರೀಟು ಹಾಕದೆ ಬೇರಿಗೆ ನೀರು ಇಳಿಯುವಂತೆ ನೋಡಿಕೊಳ್ಳಬೇಕು. ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯನ್ನು ಕೇಳದೆ ಕೈಹಚ್ಚುವಂತಿಲ್ಲ.

ರಾಣಿಯ ಮತ್ತು ರಾಯಣ್ಣನ ಸಮಾಧಿಗಳಿಗೆ ಕಾಯುವವರಿದ್ದಾರೆ. ರಾಯಣ್ಣನ ಹೆಸರು 2016ರ ಹೊತ್ತಿಗೆ ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೂ ಬಂತು; ಹುಬ್ಬಳ್ಳಿಯ ನಟ್ಟನಡುವಿನ ವೃತ್ತಕ್ಕೆ ಚೆನ್ನಮ್ಮನ ಹೆಸರಿದೆ. ಅವರ ಜೊತೆ ಹೋರಾಡಿ ಹೊಲವನ್ನೂ ಜೀವವನ್ನೂ ಕಳೆದುಕೊಂಡ ಉಳಿದ ಶೇತಸನದಿಗಳ ಹೆಸರುಗಳು ಮಾತ್ರ ಹಳೆಯ ಕಾಗದದಲ್ಲೇ ಉಳಿದಿವೆ. ಆ ಕಾಗದ ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿದೆ. ಅದನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಧಾರವಾಡ, ಬೆಳಗಾವಿ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ, ಜಗಲಿಯ ಮಾಡದಲ್ಲಿ ಅರಿವೆಯಲ್ಲಿ ಸುತ್ತಿಟ್ಟ ಇಂಥ ಗಂಟು ಇದ್ದರೆ ಓದಲು ಬಾರದ ಕಾಗದವೆಂದು ಒಲೆಗೆ ಹಾಕಬೇಡಿ, ಮನೆ ಕೆಡವುವಾಗ ಮಣ್ಣಿಗೆ ಬಿಡಬೇಡಿ. ಒಂದೊಂದು ಹಾಳೆಯ ಫೋಟೊ ತೆಗೆದಿಟ್ಟುಕೊಂಡು, ಮೋಡಿ ಬಲ್ಲವರಿಗೆ ಇಲ್ಲವೆ ಪತ್ರಾಗಾರದವರಿಗೆ ತೋರಿಸಿ.